ಎಲ್ಲರದ್ದೂ ತೂಗಿ

"ಹನ್ನೊಂದು ಕೆಜಿ ನಾನೂರು. ಒಂದು ಕೆಜಿ ನಾನೂರು ಜಾಸ್ತಿ," ಎಂದರು ತಕ್ಕಡಿ ಸಾರ್. ಅಕ್ಕನ ಬ್ಯಾಗು ಇನ್ನೂ ಅವರ ಕೈತಕ್ಕಡಿಯ ಕೊಕ್ಕೆಯಲ್ಲಿ ನೇತಾಡುತ್ತಿತ್ತು. "ಊಟದ ಗಂಟು ತೆಗೀರಿ ಅಮ್ಮ. ನನ್ ಹತ್ರ ಪ್ಯಾಕೆಟ್ ಇದಾವೆ. ಬಿಸಿನೀರು ಹುಯ್ದ್ರೆ ಮುಗೀತು."

ಏಳು ದಿನದ ಬೆಟ್ಟದ ನಡಿಗೆಗೆ ನಾಲ್ವರನ್ನು ಕರೆದೊಯ್ಯುವ ಗೈಡ್ ಅವರು. ಸಿಕ್ಕಿದ್ದನ್ನೆಲ್ಲ ತೂಗುತ್ತಿದ್ದುದರಿಂದ, ಹೊರಡುವ ಮೊದಲೇ ಅಕ್ಕನ ತಂಗಿ ಅವರಿಗೆ ಆ ಹೆಸರಿಟ್ಟಾಗಿತ್ತು. ಉಳಿದಿಬ್ಬರು ಒಬ್ಬ ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ.

ಅಕ್ಕ ಬ್ಯಾಗನ್ನು ಕೆಳಗಿಳಿಸಿ ಬಿಚ್ಚಿದಳು. ಗಾಳಿಹಾಸಿಗೆ ತೆಗೆದಳು, ಚಪ್ಪಲಿ ತೆಗೆದಳು, ಟವೆಲು ತೆಗೆದಳು. ಒಣಗಿಸಿದ ಅನ್ನ, ಕಾಳು, ಟೊಮ್ಯಾಟೊ ಪುಡಿ, ಈರುಳ್ಳಿಯ ಚೂರು, ಎಲ್ಲವೂ ಪುಟ್ಟ ಚೀಲಗಳಲ್ಲಿ ದಿನದ ಚೀಟಿ ಅಂಟಿಸಿಕೊಂಡು ಇದ್ದಲ್ಲೇ ಇದ್ದವು. "ಈಗ ತೂಗಿ."

"ಒಂಬತ್ತು ಒಂಬೈನೂರು," ಎಂದರು ಅವರು, ನಂಬಲಾಗದೆ. "ನೆಲದ ಮೇಲೆ ಮಲಗ್ತೀರಾ?"

"ಮಲಗ್ತೀನಿ. ಊಟ ಬಿಡಲ್ಲ."

"ಸಾರ್, ಅವಳ ಹತ್ರ ವಾದ ಮಾಡ್ಬೇಡಿ, ಸುಸ್ತಾಗ್ತೀರಿ," ಎಂದಳು ತಂಗಿ. ಉಳಿದವರಂತೆ ಅವಳೂ ಜಾಣತನದಿಂದ ಪ್ಯಾಕೆಟ್ ಕೊಂಡಿದ್ದಳು.

ಅಕ್ಕ ಮೂವತ್ತು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿದ್ದವಳು. ಉಪ್ಪು ಎಷ್ಟು, ಎಣ್ಣೆ ಎಷ್ಟು ಎಂದು ಬೇರೆಯವರು ಬರೆದುಕೊಟ್ಟ ಚೀಟಿಯಂತೆ, ಮಲಗಿದ್ದವರಿಗೆ ಬೇಯಿಸಿ ಹಾಕಿದವಳು. ನಿವೃತ್ತಿಯಾದ ದಿನವೇ ತೀರ್ಮಾನಿಸಿದ್ದಳು: ಒಂದು ಸಲವಾದರೂ ತನ್ನ ಕಾಲಿನಲ್ಲಿ ನಡೆದು, ಈ ನಡಿಗೆ ಮುಗಿಯುವ ಬೆಟ್ಟದ ಮೇಲಿನ ಕೆರೆಯ ದಡದಲ್ಲಿ ಕೂತು, ತನಗೆ ಬೇಕಾದ್ದನ್ನು ತಾನೇ ಮಾಡಿ ತಿನ್ನಬೇಕು. ಎರಡು ತಿಂಗಳು ಅನ್ನ, ತರಕಾರಿ ಬೇಯಿಸಿ ತಟ್ಟೆಗಳಲ್ಲಿ ಹರಡಿ ಒಣಗಿಸಿದ್ದಳು. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲವೆಂದು ತಂಗಿ ಈಗಲೂ ಗೊಣಗುತ್ತಾಳೆ.

ಮೊದಲ ಸಂಜೆಯೇ ಎಡವಟ್ಟಾಯಿತು. ಇದ್ದದ್ದು ಅಂಗೈಯಗಲದ ಒಂದೇ ಒಲೆ, ಒಂದು ಪುಟ್ಟ ಗ್ಯಾಸ್ ಡಬ್ಬಿ. ಒಬ್ಬೊಬ್ಬರಿಗೆ ಹತ್ತು ನಿಮಿಷ. ಹತ್ತು ನಿಮಿಷಕ್ಕೆ ಅಕ್ಕನ ಅನ್ನ ಅರಳಿತು, ಕಾಳು ಮಾತ್ರ ಜಪ್ಪಯ್ಯ ಅಂದರೂ ಮೆತ್ತಗಾಗಲಿಲ್ಲ. ಆಸ್ಪತ್ರೆಯಲ್ಲಿ ದಿನವಿಡೀ ಬಾಯ್ಲರಿನಿಂದ ಹಬೆ ಬರುತ್ತಿತ್ತು. ಉರಿ ಮುಗಿದುಹೋಗುವ ವಸ್ತು ಎಂಬುದೇ ಅವಳ ತಲೆಗೆ ಹೊಳೆದಿರಲಿಲ್ಲ.

ಅವಳು ಅಗಿದಾಗ ಕಟುಂ ಎಂಬ ಸದ್ದು ಎಲ್ಲರಿಗೂ ಕೇಳಿಸಿತು.

"ನಿಮ್ಮಂಥೋರು ಇನ್ನು ನಾಲ್ಕು ಜನ ಇದ್ರೆ ನಾನು ಇನ್ನೊಂದು ಕ್ಲಿನಿಕ್ ತೆಗೀಬಹುದು," ಎಂದರು ಹಲ್ಲಿನ ಡಾಕ್ಟರು. ಎಲ್ಲರೂ ನಕ್ಕರು. ಅಕ್ಕನಿಗೆ ಅವಮಾನದಿಂದ ಕಿವಿ ಬಿಸಿಯಾಯಿತು. ದವಡೆ ನೋಯುವವರೆಗೂ ಅಗಿದು, ಕೊನೆಗೆ ಬಟ್ಟಲನ್ನು ಕೆಳಗಿಟ್ಟಳು.

ತಕ್ಕಡಿ ಸಾರ್ ಆ ಬಟ್ಟಲನ್ನು ಕೊಕ್ಕೆಗೆ ಸಿಕ್ಕಿಸಿ ತೂಗಿ, ಪುಸ್ತಕದಲ್ಲಿ ಬರೆದುಕೊಂಡರು. ಹಿಂದೊಮ್ಮೆ ಒಬ್ಬರು ತಿಂದಂತೆ ನಟಿಸಿ ಊಟ ಚೆಲ್ಲುತ್ತಿದ್ದರಂತೆ. ನಾಲ್ಕನೇ ದಿನ ಕಡಿದಾದ ಜಾಗದಲ್ಲಿ ಕುಸಿದುಬಿದ್ದರಂತೆ. "ಹೊತ್ಕೊಂಡು ಇಳಿಸಿದೋನು ನಾನು. ಅರ್ಧಕ್ಕಿಂತ ಜಾಸ್ತಿ ಉಳಿಸಿದೋರನ್ನ ಮುಂದಕ್ಕೆ ಕರ್ಕೊಂಡು ಹೋಗಲ್ಲ ಅಮ್ಮ. ನಾಡಿದ್ದು ಟಾರು ರಸ್ತೆ ದಾಟ್ತೀವಿ. ಅಲ್ಲಿಗೆ ಜೀಪ್ ಬರುತ್ತೆ."

ಮರುದಿನ ಬೆಳಗ್ಗೆ ಅಕ್ಕ ಕಾಳನ್ನು ಮುಚ್ಚಳದ ಡಬ್ಬಿಗೆ ಹಾಕಿ, ನೀರು ತುಂಬಿ, ಬಿಗಿಯಾಗಿ ತಿರುಗಿಸಿ ಬ್ಯಾಗಿಗಿಟ್ಟಳು. ಅರ್ಧ ಹೊಟ್ಟೆಯ ಮೇಲೆ ಈ ಹೊಸ ಭಾರ ಬೇರೆ. ರಾತ್ರಿಯೆಲ್ಲ ನೆಲದ ಕಲ್ಲುಗಳು ಬೆನ್ನಿಗೆ ಒತ್ತಿದ್ದವು. ಏರಿನಲ್ಲಿ ಎರಡು ಸಲ ಕೂತಳು.

"ಡಬ್ಬಿ ನನಗೆ ಕೊಡೇ, ಸಾಯ್ತೀಯ," ಎಂದಳು ತಂಗಿ.

"ಸತ್ರೆ ಊಟ ಮಾಡಿ ಸಾಯ್ತೀನಿ. ನಡಿ."

ಸಂಜೆ ಬೆಳ್ಳುಳ್ಳಿ ಎಣ್ಣೆಯಲ್ಲಿ ಚಟಪಟ ಅಂದಾಗ ಡಾಕ್ಟರ ಹೆಂಡತಿ ಕೈಯಲ್ಲಿದ್ದ ಚಮಚ ಕೆಳಗಿಟ್ಟರು. ದಿನವಿಡೀ ಬೆನ್ನ ಮೇಲೆ ನೆನೆದ ಕಾಳು ಆರೇ ನಿಮಿಷಕ್ಕೆ ಬೆಂದಿತ್ತು. ಅಕ್ಕ ಅದಕ್ಕೆ ಟೊಮ್ಯಾಟೊ ಪುಡಿ, ಈರುಳ್ಳಿ, ತನಗೆ ಬೇಕಾದಷ್ಟು ಉಪ್ಪು ಹಾಕಿ ಅನ್ನದ ಜೊತೆ ಕಲಸಿ ಉಂಡಳು. ಯಾರ ಮುಖವನ್ನೂ ನೋಡದೆ ಉಂಡಳು. ಆಮೇಲೆ ಬಟ್ಟಲನ್ನು ತಾನೇ ಕೊಕ್ಕೆಗೆ ಸಿಕ್ಕಿಸಿದಳು.

ಬಟ್ಟಲಿನ ತೂಕ ಬಿಟ್ಟರೆ ಮತ್ತೇನೂ ಇರಲಿಲ್ಲ.

"ಇವತ್ತು ತಿಂದ್ರಿ, ಸರಿ," ಎಂದರು ತಕ್ಕಡಿ ಸಾರ್, ಮೆತ್ತಗೆ. "ಆದ್ರೆ ನಿನ್ನೆ ತಿಂದಿಲ್ಲ. ಹತ್ತುವಾಗ ಎರಡು ಸಲ ಕೂತ್ರಿ. ಜೀಪಿಗೆ ಹೇಳಾಗಿದೆ ಅಮ್ಮ."

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಎಲ್ಲರದ್ದೂ ತೂಗಿ."

"ಏನು?"

"ಎರಡು ದಿನದಿಂದ ನನ್ನ ಬಟ್ಟಲು ಮಾತ್ರ ತೂಗ್ತಿದೀರಿ. ಇವರದ್ದು?"

"ಅವರದ್ದು ಪ್ಯಾಕೆಟ್ ಊಟ. ಎಷ್ಟು ಶಕ್ತಿ, ಎಷ್ಟು ಗ್ರಾಂ, ಎಲ್ಲಾ ಮೇಲೇ ಬರ್ದಿದೆ."

"ಒಳಗೆ ಎಷ್ಟಿದೆ ಅಂತ ಬರ್ದಿದೆ. ಹೊಟ್ಟೆಗೆ ಎಷ್ಟು ಹೋಯ್ತು ಅಂತ ಯಾವ ಪ್ಯಾಕೆಟ್ ಮೇಲೂ ಬರ್ದಿರಲ್ಲ." ಅಕ್ಕ ಎದ್ದು ನಿಂತಿದ್ದಳು. "ನಾನು ಮೂವತ್ತು ವರ್ಷ ವಾಪಸ್ ಬಂದ ತಟ್ಟೆ ನೋಡ್ದೋಳು. ಚೀಟಿ ಪ್ರಕಾರ ಎಲ್ಲರೂ ಊಟ ಮಾಡಿದ್ರು. ತಟ್ಟೆ ಬೇರೆ ಹೇಳ್ತಿತ್ತು. ತೂಗಿ."

ಹಲ್ಲಿನ ಡಾಕ್ಟರು ತಮ್ಮ ಪ್ಯಾಕೆಟ್ಟನ್ನು ಮೆಲ್ಲಗೆ ಕಾಲಿನ ಹಿಂದಕ್ಕೆ ಸರಿಸಿದರು. ತಂಗಿ ಅದನ್ನು ಎಳೆದು ತಂದು, ತನ್ನದನ್ನೂ ಸೇರಿಸಿ ಕೊಟ್ಟಳು. "ನನ್ನದು ಮೊದಲು ತೂಗಿ ಸಾರ್. ಮಾನ ಹೋದ್ರೆ ನನ್ನದೇ ಹೋಗ್ಲಿ. ಎರಡು ದಿನದಿಂದ ರಟ್ಟು ತಿಂದಂಗೆ ಆಗ್ತಿದೆ."

ನೀರು ಹುಯ್ದ ಮೇಲೆ ತುಂಬಿದ ಪ್ಯಾಕೆಟ್ಟು ನಾನೂರು ಗ್ರಾಂ. ತಂಗಿಯದರಲ್ಲಿ ಇನ್ನೂರ ಮೂವತ್ತು ಉಳಿದಿತ್ತು. ಡಾಕ್ಟರದು ಇನ್ನೂರ ಐವತ್ತು, ಅವರ ಹೆಂಡತಿಯದು ಮುನ್ನೂರು. ತಕ್ಕಡಿ ಸಾರ್ ಒಂದೊಂದನ್ನೂ ಓದಿ ಹೇಳಿದರು, ಬರೆದುಕೊಳ್ಳಲಿಲ್ಲ.

"ನಿಮ್ಮದು?" ಎಂದಳು ಅಕ್ಕ.

ಅವರು ಕಲ್ಲಿನ ಹಿಂದಿನಿಂದ ತಮ್ಮ ಪ್ಯಾಕೆಟ್ ತಂದು ಕೊಕ್ಕೆಗೆ ಹಾಕಿದರು. ಮುಳ್ಳು ಇನ್ನೂರ ಎಪ್ಪತ್ತಕ್ಕೆ ನಿಂತಿತು.

"ಜೀಪಿನಲ್ಲಿ ಎಷ್ಟು ಸೀಟು?" ಎಂದು ಕೇಳಿದಳು ತಂಗಿ.

ಯಾರೂ ನಗಲಿಲ್ಲ. ತಕ್ಕಡಿ ಸಾರ್ ಪ್ಯಾಕೆಟ್ ಬಿಚ್ಚಿಕೊಂಡು ಕೂತು, ತಣ್ಣಗಾದದ್ದನ್ನು ತಿನ್ನತೊಡಗಿದರು. ನುಂಗುವಾಗಲೆಲ್ಲ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ಅಕ್ಕ ನೋಡುತ್ತ ನಿಂತಳು. ಪಾಪ ಅನ್ನಿಸಿತು, ಆದರೂ ತಳ ಕಾಣುವವರೆಗೆ ಜಾಗ ಬಿಟ್ಟು ಕದಲಲಿಲ್ಲ. ಒಬ್ಬೊಬ್ಬರಾಗಿ ಉಳಿದವರೂ ತಮ್ಮತಮ್ಮ ಪ್ಯಾಕೆಟ್ಟುಗಳನ್ನು ಎತ್ತಿಕೊಂಡರು. ಅಕ್ಕ ಬೆಳ್ಳುಳ್ಳಿಯ ಎಣ್ಣೆ ಉಳಿದಿದ್ದ ಪಾತ್ರೆಯನ್ನು ಅವರ ನಡುವೆ ಇಟ್ಟು ಮಲಗಲು ಹೋದಳು.

ಬೆಳಗ್ಗೆ ಟಾರು ರಸ್ತೆ ಸಿಕ್ಕಿತು. ಎರಡೂ ಕಡೆ ಖಾಲಿ, ಜೀಪಿನ ಸುಳಿವಿಲ್ಲ. ಎಲ್ಲಿ ಜೀಪು ಬಂದುಬಿಡುತ್ತದೋ ಎಂಬಂತೆ ಎಲ್ಲರೂ, ತಕ್ಕಡಿ ಸಾರ್ ಕೂಡ, ಬೇಗಬೇಗ ದಾಟಿ ಆಚೆಯ ಏರು ಹಿಡಿದರು. ಅಕ್ಕ ಮಾತ್ರ ರಸ್ತೆಯ ನಟ್ಟನಡುವೆ ನಿಂತು, ಬ್ಯಾಗಿನ ಪಟ್ಟಿ ಸಡಿಲಿಸಿ, ಮತ್ತೆ ಬಿಗಿದುಕೊಂಡು, ಸಾವಕಾಶವಾಗಿ ದಾಟಿದಳು.