ಗೆರೆಯವರೆಗೆ

ಭಾನುವಾರದ ಪೂಜೆ ಮುಗಿಸಿಕೊಂಡು ಚರ್ಚಿನಿಂದ ನೇರ ಬಂದವರು ಬಿಯರ್ ಹಬ್ಬದ ಡೇರೆಯ ಬೆಂಚುಗಳಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಹನ್ನೊಂದು ಗಂಟೆಗೇ ಒಳಗೆಲ್ಲ ಹಬೆ. ಅಫ್ರಾ ಪೀಪಾಯಿಗಳ ಕಟ್ಟೆಯೆದುರು ನಿಂತು, ಏಪ್ರನ್ನಿನ ಮರೆಯಲ್ಲಿ ಬಲಗೈಯನ್ನು ಹಿಸುಕಿಕೊಂಡಳು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ನಿನ್ನೆಯಿಂದ ಮರಗಟ್ಟಿದ್ದವು. ವಸಂತದಲ್ಲಿ ಡಾಕ್ಟರು, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಕೊಯ್ಯಬೇಕು ಎಂದಿದ್ದರು. ಹಬ್ಬ ಮುಗಿಯಲಿ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

ಹತ್ತು ಹೆಜ್ಜೆ ಹಿಂದೆ ವ್ರೋನಿ ಕೈಕಟ್ಟಿ ನಿಂತಿದ್ದಳು. ಡೇರೆಯ ಯಜಮಾನಿಕೆ ಅಪ್ಪನಿಂದ ಅವಳಿಗೆ ಬಂದದ್ದು ಈ ವರ್ಷವಷ್ಟೇ. ಬಂದ ದಿನವೇ ಬಡಿಸುವ ಹೆಂಗಸರನ್ನೆಲ್ಲ ಸೇರಿಸಿ ಹೇಳಿದ್ದಳು: ವಾದ್ಯದವರ ಮುಂದಿನ ಸಾಲಿನಲ್ಲಿ ಮೇಜಿಗೆ ಹನ್ನೆರಡು ಜನ, ಅಲ್ಲಿ ಬಡಿಸುವವರು ಒಂದೇ ಸಲಕ್ಕೆ ಲೀಟರು ಹಿಡಿಯುವ ಹನ್ನೆರಡು ಬಿಯರ್ ಮಗ್ಗು ತರಬೇಕು. ಆಗದವರು ಹೊರಗೆ ತೋಟದಲ್ಲಿ ಮೂಲಂಗಿ, ಪ್ರೆಟ್ಸೆಲ್ ರೊಟ್ಟಿಗಳ ಬುಟ್ಟಿ ಹಿಡಿದು ಮಾರಬಹುದು. ಚಿಕ್ಕವಳಿದ್ದಾಗ ಅಫ್ರಾಳ ಸೊಂಟದ ಮೇಲೆ ಕೂತು ಡೇರೆ ಸುತ್ತಿದ ಹುಡುಗಿ, ಆ ಮಾತಾಡುವಾಗ ಮೊದಲ ಸಲ ಅವಳನ್ನು ‘ನೀವು’ ಎಂದಿದ್ದಳು. ಮೂಲಂಗಿಗಿಂತ ಅಫ್ರಾಳಿಗೆ ಆ ‘ನೀವು’ ಹೆಚ್ಚು ಚುಚ್ಚಿತ್ತು.

ಮುಂದಿನ ಸಾಲು ಇಪ್ಪತ್ತಾರು ವರ್ಷಗಳಿಂದ ಅಫ್ರಾಳದು. ವರ್ಷದ ಉಳಿದ ದಿನಗಳಲ್ಲಿ ಅವಳು ಶಾಲೆಯೊಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಲ್ಲಿ ಅವಳು ಬಾಗಿಲು ತೆರೆದು ಬಂದರೂ ಯಾರೂ ತಲೆಯೆತ್ತುತ್ತಿರಲಿಲ್ಲ. ಇಲ್ಲಿ, ಆಗಸ್ಟಿನ ಈ ಹನ್ನೊಂದು ದಿನ, ಅವಳು ನಡೆದರೆ ಗಂಡಸರು ಕಾಲು ಮಡಚಿಕೊಂಡು ದಾರಿ ಬಿಡುತ್ತಿದ್ದರು. ಇದೊಂದನ್ನು ಕಳೆದುಕೊಂಡರೆ ತನ್ನಲ್ಲಿ ಉಳಿಯುವುದೇನು ಎಂದು ಅವಳು ರಾತ್ರಿಗಳಲ್ಲಿ ಲೆಕ್ಕ ಹಾಕಿ ಹಾಕಿ ಬಿಟ್ಟಿದ್ದಳು.

“ಏನೇ ಅಫ್ರಾ, ನಿಂತಲ್ಲೇ ನಿದ್ದೆನಾ?” ಬಿಯರ್ ಬಗ್ಗಿಸುತ್ತಿದ್ದ ಕ್ವಿರಿನ್ ಕೂಗಿದ. ಅವನೂ ಅವಳಷ್ಟೇ ಹಳಬ.

“ನಿನ್ನ ಕೈ ಓಡೋ ಚಂದಕ್ಕೆ ನಿದ್ದೆ ಏನು ಬಂತು, ನನಗೆ ಗಡ್ಡಾನೂ ಬರುತ್ತೆ. ಹಾಕು ಹನ್ನೆರಡು!”

ಹಿಡಿಗಳೆಲ್ಲ ಒಳಮುಖವಾಗಿ ಸೇರುವಂತೆ ಮಗ್ಗುಗಳನ್ನು ವೃತ್ತಕ್ಕೆ ಜೋಡಿಸಿ, ಎರಡೂ ಕೈ ತೂರಿಸಿ, ಎದೆಗೊತ್ತಿಕೊಂಡು, ಉಸಿರು ಬಿಗಿಹಿಡಿದು ಎತ್ತಿದಳು. ಎದ್ದವು. ಸಲೀಸಾಗಿ ಎದ್ದವು. ನಿನ್ನೆ ಸಂಜೆ ಇದೇ ಭಾರಕ್ಕೆ ಕಣ್ಣಲ್ಲಿ ನೀರು ಬಂದಿತ್ತು.

ಮೊದಲ ಮೇಜಿಗೆ ಇಳಿಸಿದಳು. ಎರಡನೆಯದಕ್ಕೂ ಇಳಿಸಿದಳು. ಅವಳೊಳಗೆ ಏನೋ ಕುಣಿಯತೊಡಗಿತು. ಡಾಕ್ಟರಿಗೇನು ಗೊತ್ತು? ಇಷ್ಟು ವರ್ಷ ಭಾರ ಹೊತ್ತ ಕೈ, ಹೊರುತ್ತಾ ಹೊರುತ್ತಾ ತಾನೇ ಸರಿಹೋಗಿದೆ! ವ್ರೋನಿಯ ಮುಂದೆ ಹಾಯುವಾಗ ಅವಳು ಬೇಕೆಂದೇ ನಿಧಾನಿಸಿದಳು. ವ್ರೋನಿ ತಲೆಯಾಡಿಸಿದ್ದೂ ಕಂಡಿತು.

ಮೂರನೆಯದು ಬಂದೂಕಿನ ಗುರಿಕಾರರ ಸಂಘದ ಮೇಜು. ಅದರ ತುದಿಯಲ್ಲಿ, ಎಂಬತ್ತು ದಾಟಿದ, ಕಸಾಯಿ ಅಂಗಡಿಯ ವಾಲ್ಬುರ್ಗಾ ಅಜ್ಜಿ ಕೂತಿದ್ದಳು. ಅಫ್ರಾ ಮಗ್ಗು ಇಳಿಸಿ ತಿರುಗುವಷ್ಟರಲ್ಲಿ ಅಜ್ಜಿ ಕರೆದಳು.

“ಬಾರೇ ಇಲ್ಲಿ. ಅವಸರ ಮಾಡಬೇಡ. ನೊರೆ ಇಳೀಲಿ.”

ಮೇಜಿನವರೂ ಕುಡಿಯದೆ ಕಾದರು. ನೊರೆ ಇಳಿಯಿತು. ಗಾಜಿನ ಮೇಲಿನ ಅಳತೆಯ ಗೆರೆಗಿಂತ ಎರಡು ಬೆರಳು ಕೆಳಗೆ ಬಿಯರ್ ನಿಂತಿತು.

“ನಮ್ಮೆಜಮಾನ್ರು ಐವತ್ತು ವರ್ಷ ಮಾಂಸ ತೂಗಿದ್ರು. ಒಂದು ದಿನಾನೂ ತಕ್ಕಡಿ ಮೇಲೆ ಬೆರಳು ಇಡಲಿಲ್ಲ,” ಎಂದಳು ಅಜ್ಜಿ. “ನೀವು ಮಗ್ಗಿನೊಳಗೇ ಎರಡು ಬೆರಳು ಇಟ್ಟಿದ್ದೀರಲ್ಲೇ!”

ಮೇಜು ಗೊಳ್ಳೆಂದಿತು. “ನನ್ನದೂ ಅಷ್ಟೇ!” “ಅಫ್ರಾ, ಚಮಚ ಕೊಡು, ನೊರೆ ತಿಂದ್ಕೊಂಡು ಹೋಗ್ತೀವಿ!” ಹನ್ನೆರಡು ಮಗ್ಗುಗಳೂ ಒಂದೇ ಮಟ್ಟ.

ಮಾನ ಹೋದಂತಾಗಿ ಅವಳಿಗೆ ಮೊದಲು ಬಂದದ್ದು ಕ್ವಿರಿನ್‌ನ ಮೇಲೆ ಸಿಟ್ಟು. ಪಕ್ಕದ ಸಾಲಿಗೆ ಕಣ್ಣು ಹೋಯಿತು. ಅಲ್ಲಿ ಬೇರೆಯವಳು ತಂದಿಟ್ಟ ಮಗ್ಗುಗಳೆಲ್ಲ ಗೆರೆಯವರೆಗೆ ತುಂಬಿದ್ದವು. ಕಡಿಮೆ ಇದ್ದದ್ದು ತಾನು ಹೊತ್ತವು ಮಾತ್ರ. ಕೈ ಸರಿಹೋಗಿರಲಿಲ್ಲ. ಯಾರೋ ಅದನ್ನು ನೋಡಿಬಿಟ್ಟಿದ್ದರು.

ಹನ್ನೆರಡನ್ನೂ ಮತ್ತೆ ಬಳಸಿ ಹಿಡಿದು ಕಟ್ಟೆಗೆ ತಂದು ಕುಕ್ಕಿದಳು.

“ನಿನ್ನ ಕೇಳಿದ್ನಾ ನಾನು?” ಹಲ್ಲು ಕಚ್ಚಿಕೊಂಡು ಅಂದಳು.

ಕ್ವಿರಿನ್ ಪೀಪಾಯಿಯ ನಲ್ಲಿ ತಿರುಗಿಸುತ್ತಲೇ ಇದ್ದ. “ನಿನ್ನೆ ಮಗ್ಗು ತೊಳೆಯೋ ತೊಟ್ಟೀಲಿ ನೀರು ಹೊಗೆಯಾಡ್ತಿತ್ತು. ಎಲ್ಲರೂ ಕೈ ಎಳ್ಕೊಂಡ್ರು. ನೀನು ಬೆರಳು ಅದ್ದಿ ಮಾತಾಡ್ತಾ ನಿಂತಿದ್ದೆ. ಬಿಸಿ ಅಂತಾನೂ ಗೊತ್ತಾಗಲಿಲ್ಲ ನಿಂಗೆ.” ಸ್ವರ ತಗ್ಗಿಸಿದ. “ಹನ್ನೆರಡಕ್ಕೆ ಎರಡು ಕಿಲೋ ಇಳಿಯುತ್ತೆ ಕಣೇ. ಇನ್ನು ನಾಲ್ಕು ದಿನ ತಾನೇ? ಹೆಂಗೋ ದೂಡಿಬಿಡೋಣ ಅಂದ್ಕೊಂಡೆ.”

“ಏನಿದು? ಮಗ್ಗು ಯಾಕೆ ವಾಪಸ್ ಬಂತು?”

ವ್ರೋನಿ ಪಕ್ಕದಲ್ಲೇ ನಿಂತಿದ್ದಳು. ಮಗ್ಗನ್ನು ಎತ್ತಿ ಬೆಳಕಿಗೆ ಹಿಡಿದಳು, ಕೆಳಗಿಟ್ಟಳು, ಇನ್ನೊಂದನ್ನು ಎತ್ತಿದಳು. ಅವಳ ಕಿವಿಗಳು ಕೆಂಪಾದವು. ಈ ಊರಿನಲ್ಲಿ ಡೇರೆಯೊಂದರ ಹೆಸರು ಕೆಡಲು ಇಷ್ಟು ಸಾಕಿತ್ತು.

“ನಂದೇ ತಪ್ಪು,” ಕ್ವಿರಿನ್ ಮೀಸೆ ಒರೆಸಿಕೊಂಡ. “ಜನ ಜಾಸ್ತಿ, ಕೈ ಅವಸರ.”

“ಹನ್ನೆರಡೂ ಒಂದೇ ಮಟ್ಟಕ್ಕೆ ನಿಲ್ಲೋ ಅವಸರವಾ? ಯಾರನ್ನ ಮೂರ್ಖರು ಮಾಡ್ತೀರಿ? ಏಪ್ರನ್ ಬಿಚ್ಚಿಟ್ಟು ಮನೆಗೆ ಹೊರಡಿ.”

ಕ್ವಿರಿನ್ ಅಫ್ರಾಳ ಕಡೆ ನೋಡಲಿಲ್ಲ. ಬೆನ್ನ ಹಿಂದೆ ಕೈ ಹಾಕಿ ಗಂಟು ಹುಡುಕತೊಡಗಿದ. ಅಫ್ರಾ ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದರೆ ಸಾಲು ಅವಳದಾಗಿಯೇ ಉಳಿಯುತ್ತಿತ್ತು, ಸಂಜೆಯವರೆಗಾದರೂ. ಗಂಟು ಬಿಗಿಯಾಗಿತ್ತು, ಬಿಚ್ಚಲು ಅವನಿಗೆ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ಅವಳು ಅವನ ದಪ್ಪ ಬೆರಳುಗಳನ್ನೇ ನೋಡುತ್ತ ನಿಂತಳು.

“ಬಿಚ್ಚಬೇಡ,” ಎಂದಳು. “ವ್ರೋನಿ, ಅವನದಲ್ಲ. ನನ್ನ ಕೈ ಹೋಗಿದೆ. ಮೂರು ಬೆರಳಿಗೆ ಸ್ಪರ್ಶವೇ ಇಲ್ಲ. ನಾನು ಹೇಳಲಿಲ್ಲ, ಅವನು ನೋಡಿ ಭಾರ ಕಡಿಮೆ ಮಾಡಿದ. ಅಷ್ಟೇ.”

ವ್ರೋನಿ ಅವಳ ಕೈಯನ್ನು ನೋಡಿದಳು. ಎತ್ತಿ ನೋಡಲು ಹೊರಟವಳಂತೆ ತನ್ನ ಕೈ ಚಾಚಿ, ಹಿಂದೆಳೆದುಕೊಂಡಳು.

“ನನ್ನ ಹತ್ರ ಹೇಳಬಹುದಿತ್ತಲ್ಲ?”

“ಯಾರ ಹತ್ರ ಹೇಳಲಿ? ‘ನೀವು’ ಅಂತ ದೂರ ನಿಲ್ಲಿಸಿದವಳ ಹತ್ರಾನಾ?”

ವಾದ್ಯದವರು ಹೊಸ ಹಾಡು ಎತ್ತಿಕೊಂಡರು. ಹಲಗೆಗಳೆಲ್ಲ ಅದುರಿದವು. ಗುರಿಕಾರರ ಮೇಜಿನಿಂದ “ಗಂಟಲು ಒಣಗ್ತಿದೆ!” ಎಂದು ಯಾರೋ ಕೂಗಿದರು.

“ನಾಳೆಯಿಂದ ತೋಟ,” ಎಂದಳು ವ್ರೋನಿ ಕೊನೆಗೆ. “ನಿಯಮ ನಾನೇ ಮಾಡಿದ್ದು. ನಿನಗೊಂದು, ಉಳಿದವರಿಗೊಂದು ಅಂತ ಮಾಡೋಕಾಗಲ್ಲ.”

“ಮಾಡೋದೂ ಬೇಡ. ಕ್ವಿರಿನ್ ಗತಿ?”

“ಅವನಿರಲಿ. ಆದರೆ ಇನ್ನೊಂದು ಮಗ್ಗು ಗೆರೆ ಮುಟ್ಟದೆ ಬಂದರೆ...”

“ಬರಲ್ಲ. ಮೊದಲಿನ ಎರಡು ಮೇಜಿಗೂ ನಾನೇ ಹೋಗಿ ಹೇಳಿ, ತುಂಬಿಸಿಕೊಂಡು ಬರ್ತೀನಿ.” ಅಫ್ರಾ ಕಟ್ಟೆಯ ಕಡೆ ತಿರುಗಿದಳು. “ಎಂಟು ಹಾಕು. ಗೆರೆವರೆಗೆ.”

ಎಂಟು. ಅದೂ ಭಾರವಾಗಿಯೇ ಇತ್ತು. ಬೆರಳುಗಳು ಹಿಡಿಗಳನ್ನು ಬಳಸಿದ್ದು ಅವಳಿಗೆ ತಿಳಿಯುತ್ತಿರಲಿಲ್ಲ. ಒಂದೊಂದನ್ನೂ ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಂಡಳು. ಎರಡು ಮೇಜು ದಾಟುವಾಗ ಒಬ್ಬನ ಬೆನ್ನು ಅವಳಿಗೆ ತಾಗಿತು, ಒಂದು ಮಗ್ಗು ವಾಲಿತು, ಬಿಯರ್ ಮಣಿಕಟ್ಟಿನ ಮೇಲೆ ಇಳಿಯಿತು. ನಿಂತಳು. ಎದೆಗೆ ಇನ್ನಷ್ಟು ಒತ್ತಿಕೊಂಡು ನಡೆದಳು.

ಗುರಿಕಾರರ ಮೇಜಿನ ಮೇಲೆ ಎಂಟೂ ಇಳಿದವು. ವಾಲ್ಬುರ್ಗಾ ಅಜ್ಜಿ ಬಗ್ಗಿ ಗೆರೆ ನೋಡಿದಳು. ಆಮೇಲೆ ಎಣಿಸಿದಳು.

“ಎಂಟೇ ಏನೇ? ಮಿಕ್ಕ ನಾಲ್ಕು ಜನ ಏನು ಪಾಪ ಮಾಡಿದ್ರು?”

“ಹನ್ನೆರಡೂ ಒಂದೇ ಸಲಕ್ಕೆ ಇನ್ನು ನನ್ನ ಕೈಲಾಗಲ್ಲ ಅಜ್ಜಿ,” ಎಂದಳು ಅಫ್ರಾ, ಇಡೀ ಮೇಜಿಗೆ ಕೇಳುವಂತೆ. “ಇನ್ನೊಂದು ಸಲ ಹೋಗಿ ಬರ್ತೀನಿ. ಕಾದ್ಕೊಂಡಿರಿ, ಯಾರಿಗೂ ರೈಲಿಗೆ ಹೊತ್ತಾಗಿಲ್ಲ.”