ಲಕ್ಕಿಯ ಬೇರು ಬುಟ್ಟಿಗಲ್ಲ

ಗೋಡೆ ಬಿರುಕು ಬಿಟ್ಟರೆ ನಾವು ಮೊದಲು ಮಾಡುವ ಕೆಲಸ ಸುಣ್ಣ ಮೆತ್ತುವುದು. ಹಳ್ಳದ ದಂಡೆಯ ಬುಟ್ಟಿಯಣ್ಣನೂ ಅದನ್ನೇ ಮಾಡಿದ, ಒಂದಲ್ಲ ಮೂರು ಸಲ. ಹಿಂದಿನ ಕೋಣೆಯ ಗೋಡೆ ಮೂರು ಸಲವೂ ಸುಣ್ಣವನ್ನು ಉಗುಳಿತು. ಈಗ ಆ ಬಿರುಕಿನಲ್ಲಿ ಕಿರುಬೆರಳು ತೂರುತ್ತದೆ. ಅದೇ ಗೋಡೆಯ ಪಕ್ಕ ಅವನ ಸೊಸೆ ಮಲಗುವುದು. ಅವಳಿಗೆ ಎಂಟು ತಿಂಗಳು. ಮಳೆಗೆ ಇನ್ನು ಮೂರೇ ವಾರ.

ಪಕ್ಕದಲ್ಲೇ ಅವನ ತಮ್ಮನ ಮನೆಯಿತ್ತು. ಹೋದ ಮಳೆಗಾಲದ ಒಂದು ಬೆಳಿಗ್ಗೆ, ತಮ್ಮನ ಹೆಂಡತಿ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ದಂಡೆ ಹಿತ್ತಿಲ ಸಮೇತ ಹಳ್ಳಕ್ಕೆ ಜಾರಿತು. ಪಾತ್ರೆಗಳು ಅಂದೇ ಸಿಕ್ಕವು. ಅವಳು ಸಿಕ್ಕಿದ್ದು ಮೂರನೆಯ ದಿನ. ತಮ್ಮ ಆಚೆ ದಡದಲ್ಲಿ ಬಾಡಿಗೆ ಕೋಣೆ ಹಿಡಿದ, ಅಣ್ಣನ ಜೊತೆ ಮಾತು ಬಿಟ್ಟ. ಕೇಳಿದವರಿಗೆಲ್ಲ ಬುಟ್ಟಿಯಣ್ಣ ಅದು ಹಣೆಬರಹ ಎನ್ನುತ್ತಿದ್ದ.

ಬಿರುಕಿನ ಸುದ್ದಿ ಕೇಳಿ ಒಂದು ಮಧ್ಯಾಹ್ನ ಸಸಿಯಕ್ಕ ಬಂದಳು. ನರ್ಸರಿಯಲ್ಲಿ ಇಪ್ಪತ್ತು ವರ್ಷ ಗಿಡ ಬೆಳೆಸಿದವಳಿಗೆ ಊರು ಇಟ್ಟ ಹೆಸರು ಅದು. ಗೋಡೆ ನೋಡಿದಳು, ಹಳ್ಳಕ್ಕಿಳಿದಳು, ಕೆಸರು ಕಾಲಿನಲ್ಲೇ ಹತ್ತಿ ಬಂದಳು. ಇಲ್ಲಿದ್ದ ಲಕ್ಕಿ ಗಿಡಗಳೆಲ್ಲ ಏನಾದವು, ದಂಡೆಯನ್ನು ಹಿಡಿದಿದ್ದು ಅವೇ ಅಲ್ಲವೇ ಎಂದು ಕೇಳಿದಳು.

ಲಕ್ಕಿ ಗೊತ್ತಲ್ಲ, ಕೈಬೆರಳಿನಂತೆ ಐದೈದು ಎಲೆ, ನೀಲಿ ಹೂಗೊಂಚಲು, ಮುಟ್ಟಿದರೆ ಕೈಗೆಲ್ಲ ಘಾಟು. ಹಳ್ಳದ ದಂಡೆಯೇ ಅದರ ತವರು. ಬುಟ್ಟಿಯಣ್ಣನ ಅಪ್ಪನ ಕಾಲದಲ್ಲಿ ಹೂ ಉದುರಿದ ಮೇಲೆ ಮೊಣಕಾಲೆತ್ತರ ಮೋಟು ಬಿಟ್ಟು ಕೊಯ್ಯುತ್ತಿದ್ದರು. ಮರುವರ್ಷ ಆ ಮೋಟಿನಿಂದಲೇ ಬುಟ್ಟಿಗೆ ಬೇಕಾದ ನೆಟ್ಟನೆಯ ಕಡ್ಡಿ ಬರುತ್ತಿತ್ತು. ಬುಟ್ಟಿಯಣ್ಣ ಹೊಸದೊಂದು ಕಂಡುಕೊಂಡ. ಲಕ್ಕಿಯ ಬೇರನ್ನು ಸೀಳಿ ಬುಟ್ಟಿಯ ಅಂಚಿಗೆ ಸುತ್ತಿದರೆ ಕಲ್ಲು ಹೊತ್ತರೂ ಬಿಚ್ಚುವುದಿಲ್ಲ. ಆಮೇಲೆ ಅವನು ಕೊಯ್ಯುವುದನ್ನು ಬಿಟ್ಟು ಹಾರೆ ಹಿಡಿದ.

"ಗಿಡದಿಂದ ಮನೆ ನಿಲ್ಲುತ್ತೇನಮ್ಮ?" ಎಂದು ನಕ್ಕ. "ಹಾಗಿದ್ರೆ ಮೇಸ್ತ್ರಿಗಳೆಲ್ಲ ಹೂವು ಮಾರ್ಕೊಂಡು ಬದುಕ್ಬೇಕಿತ್ತು."

ಸಸಿಯಕ್ಕ ವಾದಕ್ಕಿಳಿಯಲಿಲ್ಲ. ಗೂಟದಲ್ಲಿದ್ದ ಬುಟ್ಟಿಯನ್ನು ಇಳಿಸಿ, ಅಂಚಿನ ಬೇರನ್ನು ಉಗುರಿನಿಂದ ಎಬ್ಬಿಸಿ ಸುತ್ತುಸುತ್ತಾಗಿ ಬಿಚ್ಚಿದಳು. ಅವನು ತಡೆಯಹೋದ, ಒಳಗಿಂದ ಬಂದ ಹೆಂಡತಿ ಬಿಡಲಿಲ್ಲ. ಸಸಿಯಕ್ಕ ಬುಟ್ಟಿಗೆ ಅಂಗಳದ ಮಣ್ಣು ತುಂಬಿ ಒಂದು ಚೊಂಬು ನೀರು ಹೊಯ್ದು ಎತ್ತಿ ಹಿಡಿದಳು. ಭಾರಕ್ಕೆ ಬುಟ್ಟಿಯ ಬಾಯಿ ಅಗಲವಾಯಿತು, ಕಡ್ಡಿಗಳು ಒಂದೊಂದಾಗಿ ಬಿಟ್ಟುಕೊಂಡವು. ಮಣ್ಣೆಲ್ಲ ಅವನ ಕಾಲ ಮೇಲೆ ಬಿತ್ತು.

"ದಂಡೆನೂ ಹೀಗೇ ಅಣ್ಣ. ನಿಮ್ಮ ಕಸುಬನ್ನ ನಿಮಗೆ ನಾನು ಹೇಳ್ಕೊಡ್ಬೇಕಾ?"

ಹೆಂಡತಿ ಕೆಳಗೆ ಬಿದ್ದಿದ್ದ ಬೇರನ್ನು ಎತ್ತಿಕೊಂಡಳು. "ಇದು ಯಾರ ಹಿತ್ತಿಲದು ಅಂತ ಇವತ್ತಾದ್ರೂ ಬಾಯಿಬಿಟ್ಟು ಹೇಳಿ."

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಅವನು ತಲೆಯೆತ್ತಲಿಲ್ಲ.

"ತಮ್ಮನ ಹಿತ್ತಿಲದು," ಎಂದ. "ನಮ್ಮದು ಎಲ್ಲಿಗೆ ಹೋಗುತ್ತೆ ಅಂತ ಅವನದನ್ನ ಮೊದಲು ಅಗೆದೆ. ಅವಳು ಅಲ್ಲೇ ಕೂತಿದ್ಲು. ಬಾಯಾರಿರ್ತೀರಿ ಭಾವ ಅಂತ ನೀರು ಕೊಟ್ಲು."

ಆಮೇಲೆ ಸಸಿಯಕ್ಕ ಇದ್ದದ್ದನ್ನು ಇದ್ದಂತೆ ಹೇಳಿದಳು. ಈಗ ನೆಟ್ಟರೂ ಬೇರು ಮಣ್ಣು ಹಿಡಿಯಲು ಎರಡು ಮೂರು ವರ್ಷ ಬೇಕು. ಈ ಮಳೆಯಲ್ಲಿ ಗಿಡ ಯಾರನ್ನೂ ಕಾಯುವುದಿಲ್ಲ, ಮನೆ ಬಿಡುವುದೊಂದೇ ದಾರಿ. ಅಂದೇ ಸೊಸೆಯ ಹಾಸಿಗೆ ಸಸಿಯಕ್ಕನ ಮನೆಗೆ ಹೋಯಿತು. ವಾರದಲ್ಲಿ ಉಳಿದವರೂ ಹೋದರು.

ಮೊದಲ ಹನಿ ಬಿದ್ದ ದಿನ ಬುಟ್ಟಿಯಣ್ಣ ಲಕ್ಕಿ ಕಡ್ಡಿಗಳ ಹೊರೆ ತಂದು ತಮ್ಮನ ಹಿತ್ತಿಲಿದ್ದ ಜಾಗದಿಂದಲೇ ನೆಡತೊಡಗಿದ. ತಮ್ಮ ಹಳ್ಳ ದಾಟಿ ಬಂದ. ಬಹಳ ಹೊತ್ತು ನೋಡಿದ.

"ಅವಳಿದ್ದಾಗ ನೆಡಬೇಕಿತ್ತು," ಎಂದ.

ಅಣ್ಣ ಮತ್ತೊಂದು ಕಡ್ಡಿ ನೆಟ್ಟ. ತಮ್ಮನೂ ಹೊರೆಯಿಂದ ಒಂದು ಹಿಡಿ ಕಡ್ಡಿ ಎತ್ತಿಕೊಂಡು, ಬಿರುಕು ಬಿಟ್ಟ ಗೋಡೆಯ ಕೆಳಗೆ ಹೋಗಿ ಒಂದೊಂದೇ ನೆಟ್ಟ.

ಆ ಮಳೆಗಾಲದಲ್ಲೇ ಹಿಂದಿನ ಕೋಣೆ ಬಿತ್ತು. ಒಳಗೆ ಯಾರೂ ಇರಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಹಿಂದೆಯೂ ಹಳ್ಳವಿದ್ದರೆ ಇವತ್ತೇ ಹೋಗಿ ನೋಡಿ. ಲಕ್ಕಿ ಇದೆಯೇ? ಹೂ ಉದುರಿದ ಮೇಲೆ ಮೊಣಕಾಲೆತ್ತರ ಬಿಟ್ಟು ಕೊಯ್ಯಿರಿ, ಬುಡಕ್ಕೆ ಹಾರೆ ಹಾಕಬೇಡಿ. ಇಲ್ಲವೇ? ಹೆಬ್ಬೆರಳು ದಪ್ಪದ, ಮೊಳ ಉದ್ದದ ಕಡ್ಡಿಗಳನ್ನು ಮೊದಲ ಮಳೆಗೆ ಓರೆಯಾಗಿ ನೆಡಿ, ಅರ್ಧಕ್ಕಿಂತ ಹೆಚ್ಚು ಮಣ್ಣಿನೊಳಗಿರಲಿ. ಆಡು ಕುರಿ ಅದರ ತಂಟೆಗೆ ಹೋಗುವುದು ಕಡಿಮೆ, ನಾವೂ ಹೋಗದಿದ್ದರೆ ಸಾಕು. ಗೋಡೆ ಬಿರುಕು ಬಿಟ್ಟಿದ್ದರೆ ಸುಣ್ಣ ಹುಡುಕಬೇಡಿ, ಮಕ್ಕಳನ್ನು ಕರೆದುಕೊಂಡು ಹೊರಡಿ.

ಬುಟ್ಟಿಯ ಅಂಚು ಗಟ್ಟಿಯಾಗಬೇಕಾದರೆ ತಂತಿ ಸುತ್ತಿ. ದಂಡೆಗೆ ಸುತ್ತುವಷ್ಟು ತಂತಿ ಯಾರ ಮನೆಯಲ್ಲೂ ಇಲ್ಲ.