ರಮಜಾನಬಿಯ ಗೋಣಿಚೀಲ

ಯುಗಾದಿ ಮುಂದಿನ ಬಿಸಿಲಿನಲ್ಲಿ, ಕಾದ ಹಂಚಿನಂಥ ನೆಲದ ಮೇಲೆ, ತಲೆಯ ಮೇಲೊಂದು ಬಗಲಲ್ಲೊಂದು ಕೊಡ ಹೊತ್ತು, ಬರಿಗಾಲಲ್ಲಿ, ಅವಸರವೆಂಬುದೇ ಇಲ್ಲದ ಗಂಭೀರ ಗತಿಯಲ್ಲಿ ನಡೆದುಬರುತ್ತಿದ್ದವಳು ರಮಜಾನಬಿ. ಶಿಗ್ಲಿಯ ಮಗಳು, ಶಿರಹಟ್ಟಿ ಕಡೆಯ ನಮ್ಮೂರಿಗೆ ಸೊಸೆ. ಚಪ್ಪಲಿ ಮೆಟ್ಟಬಾರದೇನವ್ವಾ ಎಂದು ಕೇಳಿದರೆ, "ನೀರು ತುಳುಕಿದ್ರ ಚಪ್ಪಲಿ ಜಾರತಾವ್ರೀ ಅಕ್ಕಾರ, ಅಂಗಾಲು ಜಾರಂಗಿಲ್ಲ. ಖರೆ ಹೇಳ್ರಿ?" ಎನ್ನುವಳು. ಎರಡು ಮಾತಿಗೊಮ್ಮೆ ಆ "ಖರೆ ಹೇಳ್ರಿ" ಇರಲೇಬೇಕು.

ಎಂಬತ್ತೆಂಟರ ಮಾತು. ಮಂಡಲ ಪಂಚಾಯಿತಿ ಬಂದ ಹೊಸತು. ನಮ್ಮೂರಲ್ಲಿ ಎರಡು ಪಕ್ಷ, ತಕ್ಕಡಿಯಲ್ಲಿಟ್ಟು ತೂಗಿದಂತೆ ಸಮಸಮ. ಪ್ರಧಾನರಾದ ಚನ್ನಬಸವಣ್ಣನವರು ವರ್ಷದ ಬಜೆಟ್ ಓದಲು ಕನ್ನಡಕ ಏರಿಸಿದರೆ ಸಾಕು, ಎದುರು ಪಕ್ಷದವರು ಹೆಗಲ ಟವೆಲ್ಲು ಕೊಡವಿ, ಚಪ್ಪಲಿ ಮೆಟ್ಟಿ ಹೊರಟುಬಿಡುವರು. ಅರ್ಧ ಮಂದಿ ಎದ್ದಮೇಲೆ ಸಭೆ ಬರಖಾಸ್ತು. ಹಾಗೆ ಹೊರಡುವವರಲ್ಲಿ ಮೊದಲ ಹೆಜ್ಜೆ ನಮ್ಮ ಮನಿಯವರದೇ. ಪ್ರಧಾನರೇನು ಕಡಿಮೆಯಲ್ಲ, ಎದುರಿನವರ ಓಣಿಯ ರಸ್ತೆಗೆ ಹಾಸಲು ಒಂದು ಬುಟ್ಟಿ ಗರಸುಕಲ್ಲನ್ನೂ ಬಜೆಟ್ಟಿನಲ್ಲಿ ಬರೆದಿರಲಿಲ್ಲ. ಈ ಹಟದಲ್ಲಿ ಮೂರು ಸಭೆ ಮುರಿದವು, ರಮಜಾನಬಿ ಇದ್ದ ಕೆಳಗಿನ ಓಣಿಯ ಕೆಟ್ಟ ನೀರಿನ ಬೋರಿಂಗು ರಿಪೇರಿಯಿಲ್ಲದೆ ಕೆಟ್ಟೇ ಉಳಿಯಿತು. ರಮಜಾನಬಿಯ ಸೊಸೆ ಮೆಹಬೂಬಿ ಎಂಟು ತಿಂಗಳ ಬಸುರಿ. ಊರಾಚೆಯ ಬಾವಿಯಿಂದ ನೀರು ಹೊತ್ತು ಬರುವಾಗ ಒಂದು ದಿನ ಕಣ್ಣಿಗೆ ಕತ್ತಲೆ ಬಂದು ದಾರಿಯಲ್ಲೇ ಕುಸಿದಳು.

ಮರುದಿನ ನಾಲ್ಕನೆಯ ಸಭೆ. ಸದಸ್ಯರೆಲ್ಲ ಒಳಗೆ ಕೂತಮೇಲೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಪಕ್ಷ ನೋಡದೆ, ಒಂದೂ ಬಿಡದೆ ಗೋಣಿಚೀಲಕ್ಕೆ ತುಂಬಿ, ಬಾಯಿ ಬಿಗಿದು, ಅಂಗಳದಾಚೆ ಬೇವಿನ ಬುಡದಲ್ಲಿ ಚೀಲದ ಮೇಲೆಯೇ ಕೂತಳು ರಮಜಾನಬಿ. ನಡುವೆ ಇದ್ದದ್ದು ಕಾದ ಫರಸಿಕಲ್ಲಿನ ಹಾಸು. ಎಂದಿನಂತೆ ಹೊರಟ ನಮ್ಮ ಮನಿಯವರು ಒಂದು ಕಾಲಿಟ್ಟವರೇ ಹಿಂದಕ್ಕೆ ಎಳೆದುಕೊಂಡು, ಬಾಗಿಲಲ್ಲೇ ನಿಂತು ಕೂಗಿದರು.

"ಏ ರಮಜಾನಬಿ, ಚಪ್ಪಲಿ ತಾ!"

"ಬಜೆಟ್ ಮುಗಸ್ರಿ ಸಾವ್ಕಾರ, ನಾನ ತಂದು ಕಾಲಮುಂದ ಇಡತೀನಿ."

"ಪೊಲೀಸರನ್ನ ಕರಸ್ತೀನಿ ನೋಡು!"

"ಕರಸ್ರಿ. ಕರಿಯಾಕ ಹೋಗವರಿಗೂ ಚಪ್ಪಲಿ ಬೇಕಲ್ರಿ, ಖರೆ ಹೇಳ್ರಿ?"

ಒಳಗೆ ಚನ್ನಬಸವಣ್ಣನವರು ಹೊಟ್ಟೆ ಹಿಡಿದು ನಕ್ಕರಂತೆ. "ನಗಬ್ಯಾಡ್ರಿ ಪ್ರಧಾನರ, ನಿಮ್ಮ ಜೋಡೂ ಇದರಾಗ ಐತಿ," ಎಂದಳು. ನಗು ನಿಂತಿತು.

ಪಂಚಾಯಿತಿಯ ಜವಾನ ಕಳಕಪ್ಪ ಬರಿಗಾಲಲ್ಲಿ ಕುಣಿಕುಣಿಯುತ್ತ ನಮ್ಮ ಮನೆಗೆ ಓಡಿಬಂದ. "ಅಕ್ಕಾರ, ಸಾವ್ಕಾರ್ರ ಹಳೇ ಚಪ್ಪಲಿ ಕೊಡ್ರಿ, ಜಲ್ದಿ!" ಹಳೆಯ ಜೋಡು ಬಾಗಿಲ ಹಿಂದೆ ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಹಿಂದಿನ ದಿನ ಮೆಹಬೂಬಿಯನ್ನು ದಾರಿಯಿಂದ ಎಬ್ಬಿಸಿ ತಂದವಳು ನಾನು. "ಅದರ ಉಂಗುಟದ ಬಾರು ಹರದೈತಿ ಅಂತ ಹೇಳು ಹೋಗು," ಅಂದೆ.

ಬೈದಾಡುತ್ತ, ಸಾಲುಗಳನ್ನು ಗೀಚಿ ತಿದ್ದುತ್ತ, ಅಂತೂ ಇಳಿಹೊತ್ತಿಗೆ ಎರಡೂ ಕಡೆಯವರು ಬಜೆಟ್ಟಿಗೆ ಕೈಯೆತ್ತಿದರು. ಕೆಳಗಿನ ಓಣಿಯ ಬೋರಿಂಗು ಅದರಲ್ಲಿತ್ತು, ನಮ್ಮ ಓಣಿಯ ಗರಸೂ ಇತ್ತು. ಅಕ್ಷರ ಬಾರದ ರಮಜಾನಬಿ ಬೋರಿಂಗಿನ ಸಾಲನ್ನು ಕಳಕಪ್ಪನಿಂದ ಎರಡು ಸಲ ಓದಿಸಿ ಕೇಳಿದಮೇಲೆಯೇ ಚೀಲ ಎತ್ತಿ ತಂದು ಮೆಟ್ಟಿಲ ಮುಂದೆ ಸುರುವಿದಳು. ಎರಡು ಪಕ್ಷದವರು ಒಂದೇ ಗುಡ್ಡೆಗೆ ಬಗ್ಗಿ, ಒಬ್ಬರ ಚಪ್ಪಲಿ ಇನ್ನೊಬ್ಬರಿಗೆ ಹುಡುಕಿಕೊಟ್ಟರು.

ಸಂಜೆ ನಮ್ಮ ಮನಿಯವರು ಬಾಗಿಲ ಹಿಂದಿನ ಜೋಡು ನೋಡಿ, "ಉಂಗುಟ ಭಾಳ ಜಲ್ದಿ ಹೊಲಿಸೀದಿ," ಎಂದಷ್ಟೇ ಅಂದರು.

ನೆಲದ ಕಾವನ್ನು ಅಂಗಾಲಿನಿಂದ ಬಲ್ಲವರು ಎಲ್ಲ ಊರಲ್ಲೂ ಇರುತ್ತಾರೆ. ಅವರಿಗೆ ಕುರ್ಚಿ ಬೇಕಿಲ್ಲ. ಆದರೆ ಕುರ್ಚಿಯಲ್ಲಿ ಕೂತವರಿಗೆ ಒಂದು ಗಳಿಗೆಯಾದರೂ ಆ ಕಾವು ಮುಟ್ಟುವ ತನಕ, ಅಂಥವರು ಮರದ ಬುಡ ಬಿಟ್ಟು ಏಳುವುದಿಲ್ಲ.